ಲಕ್ಕಿ ಸೊಪ್ಪಿನ ಪರೀಕ್ಷೆ: ಬಾವು ಇಳಿದರೆ ರೋಗ ಇಳಿಯಿತೇ?

ಕಳೆದ ಅಮಾವಾಸ್ಯೆಯಂದು ಶ್ರೀಮಠದ ಆವರಣದಲ್ಲಿ ಜರುಗಿದ ಉಚಿತ ಆರೋಗ್ಯ ತಪಾಸಣೆಗೆ ಒಬ್ಬ ತಾಯಿ ತಮ್ಮ ಮಗಳನ್ನು ಕರೆತಂದಿದ್ದರು. ಮಗಳಿಗೆ 24 ವರ್ಷ. ಐದು ತಿಂಗಳಿಂದ ಎರಡೂ ಕೈಗಳ ಬೆರಳುಗಳ ಬುಡದಲ್ಲಿ ಬಾವು. ಬೆಳಗ್ಗೆ ಎದ್ದಾಗ ಒಂದು ಗಂಟೆಗೂ ಮಿಕ್ಕಿ ಬಿಗಿತ. ಮುಷ್ಟಿ ಕಟ್ಟಲು ಬಾರದು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆ ಮಾಡಿ ಇದು ರುಮಟಾಯ್ಡ್ ಸಂಧಿವಾತವೆಂದು ನಿರ್ಣಯಿಸಿ, ವಾರಕ್ಕೊಮ್ಮೆ ನುಂಗುವ ಮೆಥೋಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಆರಂಭಿಸಿದ್ದರು. ತಾಯಿ ನಮ್ಮ ಮುಂದೆ ಮೊಬೈಲ್ ಹಿಡಿದರು. ಲಕ್ಕಿ ಸೊಪ್ಪಿನ ಕಷಾಯವು ಕೀಲುಗಳ ಉರಿಯೂತವನ್ನು ಇಳಿಸುತ್ತದೆಂದು ವಿಜ್ಞಾನಿಗಳು ಪರೀಕ್ಷಿಸಿ ಕಂಡುಕೊಂಡಿದ್ದಾರೆ ಎಂಬ ಬರಹ ಅದರಲ್ಲಿತ್ತು. "ಸಾಹೇಬ್ರ, ಇಷ್ಟು ಛಲೋ ಬರದಾರಲ್ರಿ, ಇನ್ನ ಆ ಗುಳಿಗಿ ಬಿಡಿಸಿಬಿಡೂಣೇನ್ರಿ?" ಎಂದು ಕೇಳಿದರು.

ಆ ಬರಹ ಸುಳ್ಳಾಗಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಲಕ್ಕಿ ಎಲೆಯನ್ನು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿರುವುದು ನಿಜ, ಅದು ಬಾವನ್ನು ತಗ್ಗಿಸಿದ್ದೂ ನಿಜ. ಆದರೆ ಯಾರ ಬಾವನ್ನು, ಎಷ್ಟು ಹೊತ್ತಿನ ಬಾವನ್ನು, ಎಲೆಯ ಯಾವ ರೂಪದಿಂದ ತಗ್ಗಿಸಿತು ಎಂಬುದು ಆ ಬರಹದಲ್ಲಿ ಇರಲಿಲ್ಲ. ಅಂದಿನ ಜನಜಂಗುಳಿಯ ನಡುವೆ ಆ ತಾಯಿಗೆ ಹತ್ತು ನಿಮಿಷಗಳಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ. ಇಂತಹುದೇ ಪ್ರಶ್ನೆಯನ್ನು ಹೊತ್ತು ಬರುವ ಭಕ್ತರು ಪ್ರತಿ ತಿಂಗಳೂ ಇದ್ದಾರೆ.

ನಮ್ಮ ಗ್ರಾಮೀಣ ಓದುಗರಿಗೆ ಲಕ್ಕಿಯ ಪರಿಚಯ ಹೇಳಬೇಕಾಗಿಲ್ಲ. ಹಳ್ಳದ ದಂಡೆಯಲ್ಲಿ, ಹೊಲದ ಬೇಲಿಯಲ್ಲಿ ತಾನಾಗಿ ಬೆಳೆಯುವ ಗಿಡ. ಒಂದೇ ತೊಟ್ಟಿಗೆ ಬೆರಳು ಬಿಡಿಸಿದಂತೆ ಐದು ಎಲೆ, ಕೆಲವೊಮ್ಮೆ ಮೂರು. ಎಲೆಯ ಬೆನ್ನು ಬೂದು ಬಿಳುಪು. ತಿಳಿ ನೇರಳೆಯ ಸಣ್ಣ ಹೂಗೊಂಚಲು. ಉಜ್ಜಿದರೆ ಮೂಗಿಗೆ ಏರುವ ಕಟುವಾದ ವಾಸನೆ. ದನಕರುಗಳು ಸಾಮಾನ್ಯವಾಗಿ ಇದಕ್ಕೆ ಬಾಯಿ ಹಾಕವು. ಬಾಣಂತಿಯ ಸ್ನಾನದ ನೀರಿಗೆ ಇದರ ಸೊಪ್ಪು ಹಾಕಿ ಕುದಿಸುವುದು, ಕಾಳಿನ ನಡುವೆ ಒಣ ಎಲೆ ಇಟ್ಟು ಹುಳು ಬಾರದಂತೆ ಕಾಯುವುದು, ಉಳುಕಿದ ಕಾಲಿಗೆ ಬಿಸಿ ಮಾಡಿ ಕಟ್ಟುವುದು, ಇವೆಲ್ಲ ನಮ್ಮ ತಾಯಂದಿರಿಗೆ ತಿಳಿದ ವಿದ್ಯೆ. ಸಂಸ್ಕೃತದಲ್ಲಿ ನಿರ್ಗುಂಡಿ, ಸಿಂದುವಾರ. ಸಸ್ಯಶಾಸ್ತ್ರದಲ್ಲಿ ವೈಟೆಕ್ಸ್ ನೆಗುಂಡೊ.

ಶಾಸ್ತ್ರದಲ್ಲಿ ಇದರ ಸ್ಥಾನವನ್ನು ನೋಡಿದರೆ ಒಂದು ಸೋಜಿಗವಿದೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹತ್ತು ಹತ್ತು ಔಷಧಗಳ ಐವತ್ತು ವರ್ಗಗಳಿವೆ. ಅಲ್ಲಿ ನಿರ್ಗುಂಡಿಯು ಕ್ರಿಮಿಘ್ನ ವರ್ಗದಲ್ಲಿದೆ, ಸಿಂದುವಾರವೆಂಬ ಹೆಸರಿನಿಂದ ವಿಷಘ್ನ ವರ್ಗದಲ್ಲಿದೆ. ಬಾವನ್ನು ಇಳಿಸುವ ಶ್ವಯಥುಹರ ವರ್ಗದಲ್ಲಿ ಮಾತ್ರ ಇಲ್ಲ. ಆ ಸ್ಥಾನದಲ್ಲಿರುವುದು ದಶಮೂಲದ ಹತ್ತು ದ್ರವ್ಯಗಳು. ಅನೇಕ ಶತಮಾನಗಳ ತರುವಾಯ, 16ನೆಯ ಶತಮಾನದ ಭಾವಪ್ರಕಾಶಕ್ಕೆ ಬರುವಷ್ಟರಲ್ಲಿ ಶೂಲೆ, ಶೋಥ, ಆಮವಾತ ಮೂರನ್ನೂ ಹರಿಸುವ ಗಿಡವೆಂದು ಅದರ ಹೆಸರು ಸ್ಪಷ್ಟವಾಗಿ ಬರುತ್ತದೆ. ಅಂದರೆ ನಮ್ಮ ಪೂರ್ವಿಕರೂ ಒಮ್ಮೆ ಬರೆದಿಟ್ಟದ್ದನ್ನೇ ಕಣ್ಣುಮುಚ್ಚಿ ಒಪ್ಪಿಕೊಂಡು ಕುಳಿತವರಲ್ಲ. ನೋಡುತ್ತಿದ್ದರು, ಕೂಡಿಸುತ್ತಿದ್ದರು.

ಹಾಗಾದರೆ ತಲೆತಲಾಂತರದ ಈ ಅನುಭವವಿರುವಾಗ ಪರೀಕ್ಷೆಯ ಅಗತ್ಯವೇನು ಎಂದು ನಮ್ಮ ಸಹೋದ್ಯೋಗಿಗಳಲ್ಲೇ ಕೆಲವರು ಕೇಳುತ್ತಾರೆ. ನಲವತ್ತು ವರ್ಷಗಳ ವೃತ್ತಿಯಲ್ಲಿ ನಮಗೆ ಮನವರಿಕೆಯಾದದ್ದನ್ನು ಹೇಳುತ್ತೇವೆ. ಅನುಭವವೂ ಒಂದು ಪರೀಕ್ಷೆಯೇ, ಆದರೆ ಅದರ ಜರಡಿಯಲ್ಲಿ ದೊಡ್ಡ ತೂತುಗಳಿವೆ. ಗುಣವಾದವರು ಹಣ್ಣು ಹಂಪಲು ಹಿಡಿದು ಮತ್ತೆ ಬರುತ್ತಾರೆ. ಗುಣವಾಗದವರು ಬೇರೆ ವೈದ್ಯರ ಬಳಿಗೆ ಹೋಗುತ್ತಾರೆ, ಅವರ ಮುಖ ನಮಗೆ ಮತ್ತೆ ಕಾಣಿಸುವುದಿಲ್ಲ. ಮೇಲಾಗಿ ಕೀಲುಬೇನೆ ತಾನಾಗಿ ಏರಿಳಿಯುವ ವ್ಯಾಧಿ. ತೀರ ಹೆಚ್ಚಾದಾಗಲೇ ಜನ ವೈದ್ಯರ ಬಳಿಗೆ ಬರುತ್ತಾರೆ; ಅದು ತಾನಾಗಿ ಇಳಿಯುವ ಕಾಲಕ್ಕೆ ನಾವು ಕೊಟ್ಟ ಔಷಧವೂ ಹೊಟ್ಟೆಯಲ್ಲಿರುತ್ತದೆ. ಇಳಿಸಿದ್ದು ಕಾಲವೋ ಕಷಾಯವೋ ಎಂದು ಒಬ್ಬ ರೋಗಿಯನ್ನು ನೋಡಿ ಹೇಳಲಾಗದು.

ಈ ತೂತುಗಳನ್ನು ಮುಚ್ಚಲೆಂದು ಔಷಧಶಾಸ್ತ್ರಜ್ಞರು ಕಂಡುಕೊಂಡ ಮೊದಲ ಮೆಟ್ಟಿಲು ಇಲಿಯ ಪಾದ. 1962ರಲ್ಲಿ ಅಮೆರಿಕದ ವಿಂಟರ್ ಮತ್ತು ಅವರ ಸಂಗಡಿಗರು ಈ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಯಾವುದೇ ಗಿಡಮೂಲಿಕೆಯ ಉರಿಯೂತಹರ ಗುಣವನ್ನು ಪರೀಕ್ಷಿಸುವವರು ಸಾಮಾನ್ಯವಾಗಿ ಇಲ್ಲಿಂದಲೇ ತೊಡಗುತ್ತಾರೆ. ಕೆಂಪು ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಎಂಬ ಅಂಟು ಪದಾರ್ಥವೊಂದಿದೆ. ಐಸ್‌ಕ್ರೀಮ್ ಗಟ್ಟಿಯಾಗಲು ಬಳಸುವ ಪದಾರ್ಥವೂ ಇದೇ. ತಿಂದರೆ ಬಾವು ತಾರದ ಈ ಪದಾರ್ಥವನ್ನು ನೂರಕ್ಕೆ ಒಂದರ ಪ್ರಮಾಣದಲ್ಲಿ ಕದಡಿ, 0.1 ಮಿಲಿಲೀಟರಿನಷ್ಟನ್ನು ಇಲಿಯ ಹಿಂಗಾಲಿನ ಪಾದದ ಚರ್ಮದಡಿ ಚುಚ್ಚಿದರೆ ಮೂರು ನಾಲ್ಕು ಗಂಟೆಗಳಲ್ಲಿ ಪಾದ ಊದಿಕೊಳ್ಳುತ್ತದೆ. ಚುಚ್ಚುವುದಕ್ಕೆ ಅರ್ಧ ಅಥವಾ ಒಂದು ಗಂಟೆ ಮೊದಲು ಒಂದು ಗುಂಪಿನ ಇಲಿಗಳಿಗೆ ಪರೀಕ್ಷಿಸಬೇಕಾದ ಔಷಧವನ್ನು, ಇನ್ನೊಂದು ಗುಂಪಿಗೆ ಬರಿಯ ನೀರನ್ನು, ಮತ್ತೊಂದು ಗುಂಪಿಗೆ ಇಂಡೊಮೆಥಾಸಿನ್‌ನಂತಹ ಗೊತ್ತಿರುವ ಔಷಧವನ್ನು ಕೊಟ್ಟಿರುತ್ತಾರೆ. ಅನಂತರ ಗಂಟೆಗೊಮ್ಮೆ ಪಾದವನ್ನು ದ್ರವ ತುಂಬಿದ ಕೊಳವೆಯಲ್ಲಿ ಅದ್ದಿ, ದ್ರವ ಎಷ್ಟು ಮೇಲೇರಿತೆಂದು ಅಳೆಯುತ್ತಾರೆ. ಮೊದಲು ಅದಕ್ಕೆ ಪಾದರಸ ಬಳಸುತ್ತಿದ್ದರು. ತುಂಬಿದ ಕೊಡಕ್ಕೆ ಕೈ ಹಾಕಿದರೆ ನೀರು ಚೆಲ್ಲುವ ಲೆಕ್ಕವೇ ಇದು.

ಈ ಊತ ಒಂದೇ ಕಾರಣದಿಂದ ಬರುವುದಿಲ್ಲ. ಮೊದಲ ಒಂದೂವರೆ ಗಂಟೆಯಲ್ಲಿ ಹಿಸ್ಟಮೈನ್ ಮತ್ತು ಸೆರೊಟೋನಿನ್‌ಗಳದು ಮುಖ್ಯ ಪಾತ್ರ, ಅನಂತರ ಬ್ರಾಡಿಕೈನಿನ್, ಎರಡೂವರೆ ಗಂಟೆಯ ಬಳಿಕ ಪ್ರೊಸ್ಟಾಗ್ಲಾಂಡಿನ್‌ಗಳು. ಆದುದರಿಂದ ಗಿಡದ ಸಾರವು ಯಾವ ಗಂಟೆಯಲ್ಲಿ ಬಾವನ್ನು ತಡೆಯಿತೆಂಬುದರಿಂದ ಅದು ಎಲ್ಲಿ ಕೈಯಾಡಿಸಿತೆಂಬ ಸುಳಿವು ದೊರೆಯುತ್ತದೆ. ಆಸ್ಪಿರಿನ್ ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆಂದು ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಅವರಿಗೆ 1982ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು.

ಇನ್ನು ಲಕ್ಕಿಯ ಮಾತು. 2003ರಲ್ಲಿ ಶ್ರೀಲಂಕಾದ ಸಂಶೋಧಕರು ಪ್ರಕಟಿಸಿದ ಪರೀಕ್ಷೆಯನ್ನು ನಾವು ಮೆಚ್ಚಿಕೊಂಡಿದ್ದೇವೆ. ಏಕೆಂದರೆ ಅವರು ರಾಸಾಯನಿಕ ದ್ರಾವಕಗಳಿಂದ ಸಾರ ತೆಗೆಯದೆ, ಹಳ್ಳಿಯ ವೈದ್ಯರು ಬಳಸುವಂತೆಯೇ ಬಲಿತ ಹಸಿ ಎಲೆಯನ್ನು ಆರಿಸಿ, ನೀರಿನಲ್ಲಿ ಸಾರ ತೆಗೆದು, ಇಲಿಗಳಿಗೆ ಬಾಯಿಯ ಮೂಲಕವೇ ಕೊಟ್ಟರು. ಬಾವು ತಗ್ಗಿತು, ನೋವೂ ತಗ್ಗಿತು. ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಡೆಯುವ ಗುಣ, ಹಿಸ್ಟಮೈನನ್ನು ಎದುರಿಸುವ ಗುಣ, ಜೀವಕೋಶದ ಪೊರೆಯನ್ನು ಭದ್ರಪಡಿಸುವ ಗುಣಗಳೂ ಕಂಡವು. ನಮ್ಮ ಅಜ್ಜಿಯರು ಚಿಗುರನ್ನು ಬಿಟ್ಟು ಬಲಿತ ಎಲೆಯನ್ನೇ ಕೀಳುತ್ತಿದ್ದುದು ನೆನಪಾಗಿ ಈ ಲೇಖನವನ್ನು ಓದುವಾಗ ನಮಗೆ ಸಂತೋಷವಾಗಿತ್ತು.

ಆದರೆ ಅದೇ ಲೇಖನದಲ್ಲಿ ಇನ್ನೊಂದು ಸಂಗತಿಯಿತ್ತು. ಬಾವಿನ ಆರಂಭದ ಘಟ್ಟದಲ್ಲಿ, ಅಂದರೆ ಎರಡನೆಯ ಗಂಟೆಯಲ್ಲಿ, ಸಾರದ ಪ್ರಮಾಣ ಹೆಚ್ಚಾದಂತೆ ಬಾವಿಳಿಸುವ ಗುಣ ಹೆಚ್ಚಲಿಲ್ಲ, ಕಡಿಮೆಯಾಯಿತು. ಒಂದು ಲೋಟ ಹಿತವಾದರೆ ಮೂರು ಲೋಟ ಮತ್ತೂ ಹಿತವೆಂದು ಎಣಿಸುವ ನಮ್ಮ ಜನ ಇದನ್ನು ಗಮನಿಸಬೇಕು. ಮಾತ್ರೆ ಎಂಬ ಪದಕ್ಕೆ ಸಂಸ್ಕೃತದಲ್ಲಿ ಪ್ರಮಾಣವೆಂದೇ ಅರ್ಥ.

2006ರಲ್ಲಿ ಜಮ್ಮುವಿನ ಸಂಶೋಧಕರು ಬೇರೊಂದು ಪ್ರಶ್ನೆ ಕೇಳಿದರು. ಒಂಟಿಯಾಗಿ ಕೊಟ್ಟರೆ ಪರಿಣಾಮ ಸಾಲದಷ್ಟು ಅಲ್ಪ ಪ್ರಮಾಣದ ಐಬುಪ್ರೊಫೆನ್ ಹಾಗೂ ಫಿನೈಲ್‌ಬ್ಯುಟಜೋನ್ ಔಷಧಗಳ ಜೊತೆಗೆ, ಹಾಗೆಯೇ ಅಲ್ಪ ಪ್ರಮಾಣದ ಲಕ್ಕಿ ಎಲೆಯ ಸಾರವನ್ನು ಕೂಡಿಸಿ ಕೊಟ್ಟರೆ ಏನಾಗುತ್ತದೆ? ಇಲಿಗಳಲ್ಲಿ ಒಂದು ಇನ್ನೊಂದರ ಬಲವನ್ನು ಹೆಚ್ಚಿಸಿತು. ನೋವಿನ ಗುಳಿಗೆಯ ಪ್ರಮಾಣವನ್ನು ಇಳಿಸಲು ಸಹಾಯವಾಗಬಹುದಾದ ಸುಳಿವು ಇದು, ಒಳ್ಳೆಯ ಸುಳಿವು.

ಇಷ್ಟನ್ನು ಕೇಳಿ ಆ ತಾಯಿಯ ಮುಖ ಅರಳಿತ್ತು. ಆದುದರಿಂದ ಇಲಿಯ ಪಾದ ಹೇಳದೆ ಉಳಿಸಿದ್ದನ್ನೂ ಕೂಡಲೇ ಹೇಳಬೇಕಾಯಿತು.

ಮೊದಲನೆಯದಾಗಿ, ಇಲಿಯ ಪಾದದ ಬಾವಿಗೆ ಆಯುಷ್ಯವೇ ಕೆಲವು ಗಂಟೆಗಳದು. ಹೊರಗಿನಿಂದ ಚುಚ್ಚಿದ ಕಾರಣ ತೀರಿದ ಮೇಲೆ ಅದು ತಾನಾಗಿ ಇಳಿಯುವಂತಹುದು. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕೀಲುಗಳ ಒಳಪೊರೆಯ ಮೇಲೆ ಏರಿಹೋಗುತ್ತದೆ. ತಿಂಗಳು, ವರ್ಷಗಳ ಕಾಲ ಆ ಪೊರೆ ದಪ್ಪವಾಗಿ ಮೃದ್ವಸ್ಥಿಯನ್ನೂ ಎಲುಬನ್ನೂ ತಿನ್ನುತ್ತದೆ. ಇದನ್ನು ಹೋಲುವ ದೀರ್ಘ ಪರೀಕ್ಷೆಗಳೂ ಇವೆ. ಕ್ಷಯದ ಕುಲದ ಸತ್ತ ಸೂಕ್ಷ್ಮಜೀವಿಗಳನ್ನು ಎಣ್ಣೆಯಲ್ಲಿ ಬೆರೆಸಿ ಚುಚ್ಚಿ, ಮೂರು ನಾಲ್ಕು ವಾರ ಇಲಿಯ ಕೀಲುಗಳನ್ನು ನೋಡುವ ವಿಧಾನ ಅವುಗಳಲ್ಲಿ ಒಂದು. ಆದರೆ ಗಿಡಮೂಲಿಕೆಗಳ ಎಷ್ಟೋ ಲೇಖನಗಳು ಮೊದಲ ಮೆಟ್ಟಿಲಿನಲ್ಲೇ ನಿಂತುಬಿಡುತ್ತವೆ.

ಪಾದದ ಪರೀಕ್ಷೆಗೆ ಅದರದೇ ಮೋಸಗಳೂ ಉಂಟು. ಇಲಿಯ ಹೊಟ್ಟೆಯೊಳಗೆ ಕೆರಳಿಸುವ ಯಾವುದಾದರೂ ದ್ರವ್ಯವನ್ನು ಚುಚ್ಚಿದರೆ ಪಾದದ ಬಾವು ಕಡಿಮೆಯಾಗಬಹುದು. ಅದು ಔಷಧದ ಗುಣವಲ್ಲ, ಒಂದು ನೋವು ಇನ್ನೊಂದನ್ನು ಮರೆಸಿದಂತೆ. ಆದ್ದರಿಂದ ಬಾಯಿಯ ಮೂಲಕ ಕೊಟ್ಟರೇ, ಹೊಟ್ಟೆಗೆ ಚುಚ್ಚಿದರೇ ಎಂಬುದನ್ನು ನಾವು ಮೊದಲು ಓದುತ್ತೇವೆ.

ಪ್ರಮಾಣದ ಲೆಕ್ಕವೂ ಹಾಗೆಯೇ. ಇಲಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಕೊಟ್ಟ ಪ್ರಮಾಣವನ್ನು ಸುಮಾರು ಆರರಿಂದ ಭಾಗಿಸಿ ಮನುಷ್ಯನ ಪ್ರಮಾಣವನ್ನು ಅಂದಾಜು ಮಾಡುವ ರೂಢಿಯಿದೆ. ಇಲಿಗೆ ಕಿಲೋಗೆ 500 ಮಿಲಿಗ್ರಾಂ ಸಾರ ಕೊಟ್ಟಿದ್ದರೆ, 60 ಕಿಲೋ ತೂಕದ ಮನುಷ್ಯನಿಗೆ ಅದು ದಿನಕ್ಕೆ ಐದು ಗ್ರಾಮಿನ ಸಮೀಪ ಬರುತ್ತದೆ. ಎಲೆಯಲ್ಲ, ಎಲೆಯಿಂದ ಇಳಿಸಿ ಒಣಗಿಸಿದ ಸಾರ. ಅಷ್ಟು ಸಾರಕ್ಕೆ ಎಷ್ಟು ಸೊಪ್ಪು ಬೇಕು, ಅಷ್ಟನ್ನು ತಿಂಗಳುಗಟ್ಟಲೆ ಕುಡಿದರೆ ಯಕೃತ್ತು, ಮೂತ್ರಪಿಂಡಗಳ ಗತಿಯೇನು ಎಂಬ ಪ್ರಶ್ನೆಗಳಿಗೆ ಮೊಬೈಲಿನ ಬರಹ ಉತ್ತರಿಸುವುದಿಲ್ಲ.

ಗಿಡದ ಗುರುತು ಇನ್ನೊಂದು ತೊಡಕು. ಲಕ್ಕಿಗೆ ಕೆಲವೆಡೆ ನೆಕ್ಕಿ ಎಂದೂ ಹೆಸರು. ಆದರೆ ಕರಿನೆಕ್ಕಿ ಎಂಬ ಗಿಡ ಕುಟುಂಬದಲ್ಲೇ ಬೇರೆ, ಅದು ಆಡುಸೋಗೆಯ ಬಳಗದ್ದು. ರಾಸ್ನಾ ಎಂಬ ದ್ರವ್ಯದ ಕಥೆ ಇನ್ನೂ ವಿಚಿತ್ರ: ವಾತಕ್ಕೆ ಶ್ರೇಷ್ಠವೆಂದು ಹೆಸರಾದ ಇದು ಉತ್ತರ ಭಾರತದಲ್ಲಿ ಪ್ಲುಚಿಯಾ ಎಂಬ ಗಿಡ, ದಕ್ಷಿಣದಲ್ಲಿ ಶುಂಠಿಯ ಬಳಗದ ದುಂಪರಾಸ್ಮೆ, ಬಂಗಾಳದ ಕಡೆ ಮರದ ಮೇಲೆ ಬೆಳೆಯುವ ಸೀತೆದಂಡೆಯ ಜಾತಿಯ ಒಂದು ಬಂದಳಿಕೆ! ಒಂದೇ ಹೆಸರು, ಮೂರು ಗಿಡಗಳು. ಒಂದನ್ನು ಪರೀಕ್ಷಿಸಿ ಬಂದ ಫಲವನ್ನು ಇನ್ನೊಂದಕ್ಕೆ ಹಚ್ಚುವಂತಿಲ್ಲ. ಒಳ್ಳೆಯ ಸಂಶೋಧಕರು ತಾವು ಬಳಸಿದ ಗಿಡದ ಒಣಮಾದರಿಯನ್ನು ಸಸ್ಯಸಂಗ್ರಹಾಲಯದಲ್ಲಿ ಇಟ್ಟು ಅದರ ಸಂಖ್ಯೆಯನ್ನು ನಮೂದಿಸುವುದು ಇದಕ್ಕೇ.

ಇಲಿಗಳ ಮಾತು ಬಂದಾಗ ಜೀವದಯೆಯುಳ್ಳ ಓದುಗರ ಮನಸ್ಸು ನೊಂದೀತು. ನಮ್ಮ ಮನಸ್ಸೂ ನೋಯುತ್ತದೆ. ಪ್ರಾಣಿಗಳ ಬದಲು ಬೇರೆ ವಿಧಾನ ಬಳಸಬೇಕು, ಬಳಸಲೇಬೇಕಾದರೆ ಸಂಖ್ಯೆ ಕಡಿಮೆ ಮಾಡಬೇಕು, ನೋವನ್ನು ತಗ್ಗಿಸಬೇಕು ಎಂಬ ತತ್ತ್ವವನ್ನು ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು 1959ರಲ್ಲೇ ಮುಂದಿಟ್ಟರು. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಇಂತಹ ಪ್ರಯೋಗಗಳಿಗೆ ಸಮಿತಿಯ ಒಪ್ಪಿಗೆ ಬೇಕು. ಅದೇ ಗಿಡವನ್ನು, ಅದೇ ಪಾದದಲ್ಲಿ, ಹೊಸತೇನನ್ನೂ ಕೇಳದೆ ಮತ್ತೆ ಮತ್ತೆ ಪರೀಕ್ಷಿಸಿ ಪದವಿಗಾಗಿ ಪ್ರಬಂಧ ಬರೆಯುವುದನ್ನು ಮಾತ್ರ ನಾವು ಒಪ್ಪುವುದಿಲ್ಲ.

ಇಲಿಯ ಪಾದದಿಂದ ಹೊರಟು ಮನುಷ್ಯನ ಮೊಣಕಾಲಿನವರೆಗೆ ಮೆಟ್ಟಿಲು ಹತ್ತಿಬಂದ ಗಿಡವೂ ನಮ್ಮಲ್ಲಿದೆ. ಅದು ಶಲ್ಲಕಿ, ಧೂಪಕ್ಕೆ ಬಳಸುವ ಅಂಟನ್ನು ಕೊಡುವ ಮರ. ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದಲ್ಲಿ ಇದರ ಅಂಟಿನ ಸಾರವನ್ನು ಇಲಿಗಳಲ್ಲಿ ಪರೀಕ್ಷಿಸಿ 1986ರಲ್ಲಿ ಪ್ರಕಟಿಸಿದರು. ಬಳಿಕ ಜರ್ಮನಿಯ ವಿಜ್ಞಾನಿಗಳು ಇದರಲ್ಲಿರುವ ಬಾಸ್ವೆಲಿಕ್ ಆಮ್ಲಗಳು ಉರಿಯೂತಕ್ಕೆ ಕಾರಣವಾಗುವ ಒಂದು ಕಿಣ್ವವನ್ನು ತಡೆಯುತ್ತವೆಂದು ತೋರಿಸಿದರು. ಅದು ಆಸ್ಪಿರಿನ್ ತಡೆಯುವ ಕಿಣ್ವವಲ್ಲ, ಬೇರೆಯದು. ಕೊನೆಗೆ 2003ರಲ್ಲಿ ನಾಗಪುರದ ವೈದ್ಯರು ಮೊಣಕಾಲು ಸವೆದ 30 ಜನರ ಮೇಲೆ ಪರೀಕ್ಷೆ ನಡೆಸಿದ ವರದಿ ಬಂದಿತು. ಅರ್ಧ ಜನರಿಗೆ ಎಂಟು ವಾರ ಶಲ್ಲಕಿಯ ಸಾರ, ಅರ್ಧ ಜನರಿಗೆ ನೋಡಲು ಹಾಗೆಯೇ ಇರುವ ಹುಸಿಗುಳಿಗೆ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ಪರೀಕ್ಷಿಸುವ ವೈದ್ಯರಿಗೂ ತಿಳಿಯದು. ಮೂರು ವಾರ ಬಿಡುವು ಕೊಟ್ಟು, ಅನಂತರ ಗುಂಪುಗಳನ್ನು ಅದಲುಬದಲು ಮಾಡಿ ಮತ್ತೆ ಎಂಟು ವಾರ. ಶಲ್ಲಕಿ ಸೇವಿಸುವಾಗ ನೋವು ಕಡಿಮೆಯಾಯಿತು, ಮೊಣಕಾಲು ಹೆಚ್ಚು ಮಡಚಿತು, ನಡೆಯುವ ದೂರ ಹೆಚ್ಚಿತು, ಬಾವು ಬರುವುದು ಕಡಿಮೆಯಾಯಿತು.

ಅದೇ ವರದಿಯಲ್ಲಿ ಇನ್ನೊಂದು ವಾಕ್ಯವಿದೆ: ಕ್ಷಕಿರಣ ಚಿತ್ರದಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಕೆಲವು ವಾರಗಳ ಪರೀಕ್ಷೆಯಲ್ಲಿ ಎಲುಬಿನ ಚಿತ್ರ ಬದಲಾಗಬೇಕೆಂದು ಅಪೇಕ್ಷಿಸುವುದು ನ್ಯಾಯವಲ್ಲ, ನಿಜ. ಆದರೂ ಆ ವಾಕ್ಯ ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಕಾರಣ ನಮ್ಮ ಹಿಂದಿನ ಒಂದು ತಪ್ಪು.

ನಾವು ಬಿ.ಎ.ಎಂ.ಎಸ್. ಮುಗಿಸಿ ವೃತ್ತಿಗಿಳಿದು ಕೆಲವು ವರ್ಷಗಳಾಗಿದ್ದವು. 1994ರಲ್ಲಿ ಸಮೀಪದ ಹಳ್ಳಿಯಿಂದ 36 ವರ್ಷದ ಹೆಣ್ಣುಮಗಳೊಬ್ಬರು ಬಂದರು. ಹತ್ತಿ ಬಿಡಿಸುವ ಕೂಲಿಯ ಕೆಲಸ. ಮಣಿಕಟ್ಟು, ಬೆರಳ ಬುಡ ಊದಿಕೊಂಡಿದ್ದವು. ಮೈ ಭಾರ, ಅರುಚಿ, ಬೆಳಗಿನ ಬಿಗಿತ. ಮಾಧವನಿದಾನ ಹೇಳುವ ಆಮವಾತದ ಲಕ್ಷಣಗಳೆಲ್ಲ ಅಕ್ಷರಶಃ ಇದ್ದವು. ನಾವು ಶಾಸ್ತ್ರೋಕ್ತವಾಗಿಯೇ ಚಿಕಿತ್ಸೆ ಮಾಡಿದೆವು. ಲಂಘನ, ಹುರಿದ ಮರಳಿನ ಶಾಖ, ಶುಂಠಿಯ ಕಷಾಯದೊಡನೆ ಔಡಲ ಎಣ್ಣೆ, ಯೋಗರಾಜ ಗುಗ್ಗುಲು, ಲಕ್ಕಿ ಸೊಪ್ಪಿನ ಶಾಖ. ಎರಡು ತಿಂಗಳಲ್ಲಿ ಬಾವು ಇಳಿಯಿತು, ನೋವು ಅರ್ಧಕ್ಕೆ ಬಂದಿತು. ಅವರು ನಮ್ಮ ಹೆಸರನ್ನು ಊರಲ್ಲೆಲ್ಲ ಹೊಗಳಿದರು. ನಾವೂ ಹಿಗ್ಗಿದೆವು. ಒಂದು ಕ್ಷಕಿರಣ ಚಿತ್ರ ತೆಗೆಸಲಿಲ್ಲ, ರಕ್ತಪರೀಕ್ಷೆಯನ್ನು ಪುನಃ ಮಾಡಿಸಲಿಲ್ಲ. ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ಆಗಲೇ ಬಳಕೆಗೆ ಬಂದಿದ್ದ ವಾರದ ಮಾತ್ರೆಯ ವಿಷಯ ನಮಗೆ ತಿಳಿದಿದ್ದರೂ ಅವರನ್ನು ಅತ್ತ ಕಳುಹಿಸಲಿಲ್ಲ. ನಮ್ಮಲ್ಲೇ ಗುಣವಾಗುತ್ತಿರುವಾಗ ಏಕೆ ಎಂಬ ಭಾವ.

ಒಂದೂವರೆ ವರ್ಷ ಕಳೆಯಿತು. ನಡುವೆ ನಾಲ್ಕಾರು ಬಾರಿ ಬಾವು ಬಂದು ಹೋಗಿತ್ತು. ಪ್ರತಿ ಬಾರಿಯೂ ನಾವು ಇಳಿಸಿದ್ದೆವು. ಒಂದು ದಿನ ಅವರು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು, "ಸಾಹೇಬ್ರ, ನೋವೇನ ಕಡಿಮಿ ಐತ್ರಿ. ಆದ್ರ ಬಟ್ಟು ಯಾಕ ಹಿಂಗ ಸೊಟ್ಟ ಆಗ್ಯಾವು? ರೊಟ್ಟಿ ಬಡಿಯಾಕ ಬರವಲ್ದು" ಎಂದರು. ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿದ್ದವು. ಆಗ ತೆಗೆಸಿದ ಚಿತ್ರದಲ್ಲಿ ಎಲುಬಿನ ಅಂಚುಗಳು ಗೆದ್ದಲು ತಿಂದ ತೊಲೆಯಂತೆ ಕಂಡವು. ಬಾವನ್ನು ನೋಡುತ್ತಿದ್ದ ನಮಗೆ, ಅದರ ಕೆಳಗೆ ಸವೆಯುತ್ತಿದ್ದ ಎಲುಬು ಕಾಣಿಸಿರಲಿಲ್ಲ. ಅವರನ್ನು ಕರೆದುಕೊಂಡು ನಾವೇ ತಜ್ಞರ ಬಳಿಗೆ ಹೋದೆವು. ಮುಂದಿನ ಹಾನಿ ನಿಧಾನವಾಯಿತು. ವಾಲಿದ ಬೆರಳುಗಳು ಮಾತ್ರ ನೇರವಾಗಲಿಲ್ಲ. ಇಂದಿಗೂ ಜಾತ್ರೆಗೆ ಬರುತ್ತಾರೆ. ಸೊಸೆ ಬಡಿದ ರೊಟ್ಟಿಯನ್ನು ದಾಸೋಹಕ್ಕೆ ತರುತ್ತಾರೆ. ನಮ್ಮನ್ನು ಒಂದು ಮಾತೂ ಅಂದವರಲ್ಲ.

ಇದನ್ನು ಓದಿ ಆಯುರ್ವೇದಕ್ಕೆ ಈ ವ್ಯಾಧಿಯಲ್ಲಿ ಸ್ಥಾನವೇ ಇಲ್ಲವೆಂದು ತಿಳಿಯಬಾರದು. 2011ರಲ್ಲಿ ಪ್ರಕಟವಾದ ಕೊಯಮತ್ತೂರಿನ ಒಂದು ಪರೀಕ್ಷೆಯಲ್ಲಿ ರುಮಟಾಯ್ಡ್ ಸಂಧಿವಾತದ 43 ರೋಗಿಗಳನ್ನು ಮೂರು ಗುಂಪು ಮಾಡಿ 36 ವಾರ ನೋಡಿದರು. ಒಂದು ಗುಂಪಿಗೆ ಆಯುರ್ವೇದ, ಒಂದಕ್ಕೆ ಮೆಥೋಟ್ರೆಕ್ಸೇಟ್, ಇನ್ನೊಂದಕ್ಕೆ ಎರಡೂ. ಯಾರಿಗೆ ಯಾವುದು ನಿಜವಾದ ಔಷಧವೆಂದು ತಿಳಿಯದಂತೆ ಹುಸಿಗುಳಿಗೆಗಳನ್ನೂ ಕೂಡಿಸಿದ್ದರು. ಮೂರೂ ಗುಂಪುಗಳ ಸುಧಾರಣೆ ಹೆಚ್ಚು ಕಡಿಮೆ ಸಮಾನವಾಗಿತ್ತು. ನಮಗೆ ಹೆಮ್ಮೆಯ ಸಂಗತಿಯೇ. ಆದರೆ ಅದು 43 ಜನರ ಪ್ರಾಥಮಿಕ ಪರೀಕ್ಷೆ. ಅಲ್ಲಿ ಕೊಟ್ಟದ್ದು ಒಬ್ಬೊಬ್ಬರ ಪ್ರಕೃತಿಯನ್ನು ನೋಡಿ, ತಜ್ಞರ ಕಣ್ಗಾವಲಿನಲ್ಲಿ ಮಾಡಿದ ಪೂರ್ಣ ಚಿಕಿತ್ಸೆ. ಬೇಲಿಯಿಂದ ಕಿತ್ತ ಒಂದು ಸೊಪ್ಪಿನ ಕಷಾಯವಲ್ಲ.

ಮತ್ತೆ ಆ ತಾಯಿ ಮಗಳ ಮಾತಿಗೆ ಬರುತ್ತೇವೆ. ಗುಳಿಗೆ ಬಿಡಬಾರದೆಂದು ನಾವು ಹೇಳಿದಾಗ ತಾಯಿ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಮಗಳನ್ನು ಪ್ರಸಾದಕ್ಕೆ ಕಳುಹಿಸಿ, ತಗ್ಗಿದ ದನಿಯಲ್ಲಿ ನಿಜವಾದ ಕಾರಣ ಹೇಳಿದರು. ಮದುವೆಯ ಮಾತುಕತೆ ನಡೆದಿದೆ. ಗಂಡಿನ ಕಡೆಯವರಿಗೆ ಆಸ್ಪತ್ರೆಯ ಗುಳಿಗೆ ಕಂಡರೆ ಸಂಬಂಧ ತಪ್ಪೀತು. ಕಷಾಯವಾದರೆ ಯಾರೂ ಕೇಳುವುದಿಲ್ಲ. ನಮಗೆ ಆ ಭಯ ಅರ್ಥವಾಗುತ್ತದೆ. ಆದರೂ ಹೇಳಬೇಕಾದುದನ್ನು ಹೇಳಿದೆವು. ಈ ವ್ಯಾಧಿಯಲ್ಲಿ ಮೊದಲ ವರ್ಷಗಳೇ ಅಮೂಲ್ಯ. ಎಲುಬು ಒಮ್ಮೆ ತಿಂದುಹೋದರೆ ನಮ್ಮ ಪದ್ಧತಿಯೂ ಅವರ ಪದ್ಧತಿಯೂ ಅದನ್ನು ಮರಳಿ ತರಲಾರವು. ಇನ್ನೊಂದು ಮುಖ್ಯ ಸಂಗತಿ: ಮೆಥೋಟ್ರೆಕ್ಸೇಟ್ ಸೇವಿಸುವಾಗ ಗರ್ಭ ಧರಿಸಬಾರದು. ಗರ್ಭ ಬಯಸುವುದಕ್ಕೆ ಕೆಲವು ತಿಂಗಳ ಮುಂಚೆಯೇ ಅದನ್ನು ನಿಲ್ಲಿಸಿ ಬೇರೆ ಔಷಧಕ್ಕೆ ಬದಲಾಯಿಸುವ ದಾರಿ ತಜ್ಞರಲ್ಲಿದೆ. ಆದುದರಿಂದ ಮುಚ್ಚಿಟ್ಟು ಮದುವೆ ಮಾಡಿದರೆ ಅಪಾಯ ಮಗಳಿಗೆ, ಮುಂದೆ ಹುಟ್ಟುವ ಕೂಸಿಗೆ. ಬೇಕಾದರೆ ಗಂಡಿನ ಮನೆಯವರೊಡನೆ ನಾವೇ ಕುಳಿತು ಮಾತನಾಡುತ್ತೇವೆಂದೂ ಹೇಳಿದ್ದೇವೆ.

ಗುಳಿಗೆಯ ಜೊತೆಗೇ ಲಕ್ಕಿಯ ಕಷಾಯವನ್ನೂ ಕುಡಿಸಲೇ ಎಂದರು. ಬೇಡವೆಂದೆವು. ಆ ಗುಳಿಗೆಗೆ ಯಕೃತ್ತಿನ ಮೇಲೆ ಭಾರ ಹಾಕುವ ಸ್ವಭಾವವಿದೆ, ಅದಕ್ಕೆಂದೇ ಆಗಾಗ ರಕ್ತಪರೀಕ್ಷೆ ಮಾಡಿಸುತ್ತಾರೆ. ಅದರ ಮೇಲೆ ಅಳತೆ ತಿಳಿಯದ ಕಷಾಯವನ್ನು ಸುರಿದರೆ, ನಾಳೆ ಏರುಪೇರು ಕಂಡಾಗ ಕಾರಣ ಯಾವುದೆಂದು ತಿಳಿಯುವುದಿಲ್ಲ. ಇನ್ನು ಸಂತೆಯಲ್ಲಿ ಮಾರುವ, ಮೂರೇ ದಿನಗಳಲ್ಲಿ ಬಾವು ಇಳಿಸುವ ಹೆಸರಿಲ್ಲದ ಪುಡಿಗಳ ಸಹವಾಸ ಯಾರಿಗೂ ಬೇಡ. ಅಷ್ಟು ಬೇಗ ಕೆಲಸ ಮಾಡುವ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆತಿರುವ ಸಂಶಯವನ್ನು ನಾವು ಮೊದಲು ಪಡುತ್ತೇವೆ. ಮುಖ ದುಂಡಗಾಗುವುದು, ಸಕ್ಕರೆ ಏರುವುದು, ಎಲುಬು ಟೊಳ್ಳಾಗುವುದು ಅದರ ಫಲ.

ಹೊರಗಿನ ಶಾಖಕ್ಕೆ ಮಾತ್ರ ಲಕ್ಕಿಯನ್ನು ಧಾರಾಳವಾಗಿ ಬಳಸಬಹುದು. ಬಲಿತ ಎಲೆ ಎರಡು ಹಿಡಿ ತೆಗೆದು, ತೊಳೆದು ನೀರಾರಿಸಿ, ಸಣ್ಣಗೆ ಹೆಚ್ಚಿ, ಒಂದು ಹಿಡಿ ಗೋಧಿ ತೌಡು, ಅರ್ಧ ಹಿಡಿ ಕಲ್ಲುಪ್ಪಿನೊಡನೆ ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಹುರಿಯಬೇಕು. ಎಲೆ ಬಾಡಿ ವಾಸನೆ ಏಳುವಾಗ ಹತ್ತಿಯ ಬಟ್ಟೆಯಲ್ಲಿ ಗಂಟು ಕಟ್ಟಿ, ಶಾಖ ಕೊಡುವವರು ಮೊದಲು ತಮ್ಮ ಮುಂಗೈಯ ಹಿಂಬದಿಗೆ ಒತ್ತಿ ಬಿಸಿ ನೋಡಿಕೊಂಡು, ಅನಂತರ ಬಿಗಿತವಿರುವ ಕೀಲಿಗೆ ಹತ್ತು ಹದಿನೈದು ನಿಮಿಷ ಕೊಡಬೇಕು. ಬೆಳಗಿನ ಹೊತ್ತು ಹಿತ. ಕೀಲು ಕೆಂಪಾಗಿ ಸುಡುತ್ತಿರುವಾಗ ಶಾಖ ಕೂಡದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿ ತಿಳಿಯದೆ ಬೊಬ್ಬೆ ಏಳುತ್ತದೆ; ಅಂತಹವರ ಪಾದಕ್ಕೆ ಇದನ್ನು ಮುಟ್ಟಿಸಬಾರದು. ಒಂದೇ ಕೀಲು ಇದ್ದಕ್ಕಿದ್ದಂತೆ ಊದಿ ಜ್ವರ ಬಂದರೆ ಸೊಪ್ಪು ಹುಡುಕುತ್ತ ಹೊತ್ತು ಕಳೆಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಎರಡು ವಾರ ಮೀರಿ ಕೈ ಕಾಲುಗಳ ಸಣ್ಣ ಕೀಲುಗಳು ಬೆಳಗ್ಗೆ ಬಿಗಿಯುತ್ತಿದ್ದರೆ, ನೋವು ಕಡಿಮೆಯಿದ್ದರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.

ಅಂದು ಸಂಜೆ ಆ ತಾಯಿ ಮಗಳು ಹೊರಡುವಾಗ ಮಠದ ಹಿತ್ತಿಲಿನ ಲಕ್ಕಿಯಿಂದ ಒಂದಿಷ್ಟು ಸೊಪ್ಪು ಕೇಳಿದರು. ನಾವೇ ಜೊತೆಗೆ ಹೋಗಿ ಬಲಿತ ಎಲೆ ಯಾವುದೆಂದು ತೋರಿಸಿಕೊಟ್ಟೆವು. ಮಗಳು ಕೀಳಲು ಕೈ ಚಾಚಿದಳು. ಬೆರಳುಗಳು ಇನ್ನೂ ನೇರವಾಗಿವೆ. ಬರುವ ಅಮಾವಾಸ್ಯೆಗೆ ಯಕೃತ್ತಿನ ರಕ್ತಪರೀಕ್ಷೆಯ ವರದಿಯೊಡನೆ, ಎರಡೂ ಕೈಗಳ ಕ್ಷಕಿರಣ ಚಿತ್ರದೊಡನೆ ಬರಲು ತಿಳಿಸಿದ್ದೇವೆ.